ಮಂಗಳೂರಿನಲ್ಲಿ ಸಾಕಿದ ಆಮೆಗೆ ಚಳಿಗಾಲದಲ್ಲಿ ಏನು ತಿನ್ನಿಸಬೇಕು?

ನಿಮ್ಮದು ಕಣ್ಣಿನ ಹಿಂದೆ ಕೆಂಪು ಪಟ್ಟೆ ಇರುವ ರೆಡ್ ಇಯರ್ಡ್ ಸ್ಲೈಡರ್ ಅಂದುಕೊಂಡು ಹೇಳುತ್ತೇನೆ. (ನಕ್ಷತ್ರ ಆಮೆಯಾದರೆ ಸಾಕುವುದೇ ಅಪರಾಧ.) ಮಂಗಳೂರಿನ ಚಳಿಗೆ ಅದು ತಿಂಗಳುಗಟ್ಟಲೆ ಮಲಗುವುದಿಲ್ಲ, ಊಟ ನಿಲ್ಲಿಸಬೇಡಿ. ಆದರೆ ನೀರು ತಣ್ಣಗಿದ್ದರೆ ತಿಂದದ್ದು ಸರಿಯಾಗಿ ಅರಗುವುದಿಲ್ಲ. ಬೆಳಿಗ್ಗೆ ಬೇಗ ಹಾಕುವ ಬದಲು ಬಿಸಿಲೇರಿದ ಮೇಲೆ ಹಾಕಿ. ನೀರು 24ರಿಂದ 27 ಡಿಗ್ರಿ ಇದ್ದರೆ ಒಳ್ಳೆಯದು.

ಬೆಳೆದ ಆಮೆಗೆ ಸೊಪ್ಪೇ ಜಾಸ್ತಿ ಇರಲಿ: ನುಗ್ಗೆ, ದಾಸವಾಳದ ಎಳೆ ಎಲೆ. ಪೆಲೆಟ್ (ಅಂಗಡಿಯಲ್ಲಿ ಸಿಗುವ ಆಮೆ ಆಹಾರದ ಗುಳಿಗೆ) ದಿನ ಬಿಟ್ಟು ದಿನ ಸಾಕು. ಹಿತ್ತಲಲ್ಲಿ ಬಸಳೆ ಚಪ್ಪರ ಇದೆ ಅಂತ ದಿನಾ ಅದನ್ನೇ ಹಾಕಬೇಡಿ, ಅದರಲ್ಲಿರುವ ಆಕ್ಸಲೇಟ್ ಎಂಬ ಅಂಶ ಕ್ಯಾಲ್ಸಿಯಂ ಮೈಗೆ ಹತ್ತಲು ಬಿಡುವುದಿಲ್ಲ.

ಪಣಂಬೂರು ಬೀಚ್ ಕಡೆ ಹೋದಾಗ ಮರಳಲ್ಲಿ ಬೊಂಡಾಸಿನ (ಕಟಲ್‌ಫಿಶ್) ಬಿಳಿ ಮೂಳೆ ಸಿಕ್ಕಿದರೆ ತನ್ನಿ. ಉಪ್ಪು ಹೋಗುವಂತೆ ಬಾವಿ ನೀರಲ್ಲಿ ಕೆಲವು ದಿನ ನೆನೆಸಿ, ಒಣಗಿಸಿ ತೊಟ್ಟಿಗೆ ಹಾಕಿ. ಕ್ಯಾಲ್ಸಿಯಂ ಬೇಕಾದಾಗ ಆಮೆಯೇ ಕಚ್ಚಿಕೊಳ್ಳುತ್ತದೆ. ಮಾರ್ಕೆಟಿನ ಒಣ ಸಿಗಡಿ ಮಾತ್ರ ಬೇಡ, ವಿಪರೀತ ಉಪ್ಪು.