ಬೈನರಿ ವೆಕ್ಟರ್‌ನಲ್ಲಿ ಬಿಟ್ ತಿರುಗಿಸೋದಕ್ಕೆ, 1 ಎಣಿಸೋದಕ್ಕೆ ಸರಿಯಾದ ಹೆಸರೇನು?

ಬೈನರಿ ವೆಕ್ಟರ್ ಅಂದ್ರೆ 0, 1ಗಳ ಸಾಲು, ಅದರಲ್ಲಿ ಒಂದೊಂದೂ ಒಂದು ಬಿಟ್; ತಿರುಗಿಸೋದು ಅಂದ್ರೆ 0 ಇದ್ರೆ 1, 1 ಇದ್ರೆ 0 ಮಾಡೋದು. ಇವಕ್ಕೆ ರಿಸರ್ಚ್ ಪೇಪರ್‌ನಲ್ಲಿ ಏನಂತ ಬರೀಬೇಕು ಅಂತ ಕೇಳಿದೀರ. ಎಲ್ಲಾ ಬಿಟ್ ತಿರುಗಿಸಿದ್ರೆ ಅದು ಕಾಂಪ್ಲಿಮೆಂಟ್, ಕೋಡ್ ಬರೆಯೋರು ಬಿಟ್‌ವೈಸ್ ನಾಟ್ ಅಂತಾರೆ. ಕೆಲವು ಬಿಟ್ ಮಾತ್ರ ಅಂದ್ರೆ ಫ್ಲಿಪ್ ಅಥವಾ ಟಾಗಲ್, ಯಾವ್ಯಾವ ಜಾಗ ತಿರುಗಬೇಕೋ ಅಲ್ಲೆಲ್ಲ 1 ಇಟ್ಟಿರೋ ಇನ್ನೊಂದು ವೆಕ್ಟರ್‌ಗೆ ಮಾಸ್ಕ್ ಅಂತ ಹೆಸರು, ಎರಡನ್ನೂ ಎಕ್ಸಾರ್ (ಒಂದೇ ಜಾಗದ ಎರಡು ಬಿಟ್ ಬೇರೆ ಬೇರೆ ಇದ್ರೆ 1, ಒಂದೇ ಥರ ಇದ್ರೆ 0) ಮಾಡಿದ್ರೆ ಮುಗೀತು. ಕೋಡಿಂಗ್ ಥಿಯರಿಯವರು (ಕಳಿಸೋ ಡೇಟಾದಲ್ಲಿ ಆಗೋ ತಪ್ಪು ಹಿಡಿದು ಸರಿಪಡಿಸೋದನ್ನ ಓದೋರು) ಅದೇ ಎಕ್ಸಾರ್‌ನ ಮಾಡ್ಯುಲೋ 2 ಕೂಡೋದು (1 ಕೂಡಿಸು 1 ಅಂದ್ರೆ 0) ಅಂತಾರೆ, ದಾರೀಲಿ ಹಾಳಾದ ಬಿಟ್‌ಗಳನ್ನ ತೋರಿಸೋ ಮಾಸ್ಕ್‌ಗೆ ಎರರ್ ವೆಕ್ಟರ್ ಅಂತಾರೆ.

1 ಎಷ್ಟಿದೆ ಅನ್ನೋ ಲೆಕ್ಕಕ್ಕೆ ಹ್ಯಾಮಿಂಗ್ ವೇಟ್. ಬೆಲ್ ಲ್ಯಾಬ್ಸ್‌ನಲ್ಲಿದ್ದ ರಿಚರ್ಡ್ ಹ್ಯಾಮಿಂಗ್ 1950ರಲ್ಲಿ ಎರರ್ ಸರಿಪಡಿಸೋ ಕೋಡ್ ಬಗ್ಗೆ ಪೇಪರ್ ಬರೆದ್ರಲ್ಲ, ಅವರ ಹೆಸರೇ ಇದು. ಪ್ರೋಸೆಸರ್ ಕಡೆಯವರು ಇದನ್ನೇ ಪಾಪ್ಯುಲೇಷನ್ ಕೌಂಟ್, ಚಿಕ್ಕದಾಗಿ ಪಾಪ್‌ಕೌಂಟ್ ಅಂತಾರೆ, ಸಿ ಪ್ಲಸ್ ಪ್ಲಸ್ 20ರಲ್ಲಿ ಫಂಕ್ಷನ್ ಹೆಸರೂ ಅದೇ, ಪೈಥಾನ್ 3.10ರಿಂದ ಬಿಟ್ ಕೌಂಟ್ ಅಂತ ಬಂದಿದೆ. ಪೇಪರ್ ಆದ್ರೆ ನನ್ನ ಓಟು ಹ್ಯಾಮಿಂಗ್ ವೇಟ್‌ಗೆ. ಬರೀ "ಕೌಂಟ್" ಅಂತ ಬರೆದ್ರೆ ಎಷ್ಟು ಬಿಟ್ ತಿರುಗ್ತು ಅಂತ ಎಣಿಸಿದ್ರಾ, 1 ಎಷ್ಟಿದೆ ಅಂತ ಎಣಿಸಿದ್ರಾ, ಓದೋರಿಗೆ ಹೇಗೆ ಗೊತ್ತಾಗ್ಬೇಕು?

ಯಾಕಂದ್ರೆ ಅವೆರಡೂ ಒಂದೇ ಅಲ್ಲ. 10110100 ತಗೊಳ್ಳಿ, ವೇಟ್ 4. ಇದನ್ನ 00001111 ಜೊತೆ ಎಕ್ಸಾರ್ ಮಾಡಿದ್ರೆ 10111011 ಬರುತ್ತೆ, ವೇಟ್ 6. ತಿರುಗಿದ್ದು 4 ಬಿಟ್, ವೇಟ್ ಏರಿದ್ದು ಮಾತ್ರ 2, ಯಾಕಂದ್ರೆ ಮೂರು ಸೊನ್ನೆ 1 ಆದ್ವು, ಮೊದಲೇ ಇದ್ದ ಒಂದು 1 ಸೊನ್ನೆ ಆಗೋಯ್ತು. ತಿರುಗಿದ ಆ 4ಕ್ಕೆ ಹ್ಯಾಮಿಂಗ್ ಡಿಸ್ಟೆನ್ಸ್ ಅಂತ ಹೆಸರು, ಅಂದ್ರೆ ಹಳೇ ವೆಕ್ಟರ್, ಹೊಸ ವೆಕ್ಟರ್ ಎರಡನ್ನ ಎಕ್ಸಾರ್ ಮಾಡಿದಾಗ ಬರೋದರ ವೇಟ್. ಹೊಸ ವೇಟ್ ಬೇಕಿದ್ರೆ ಹಳೇ ವೆಕ್ಟರ್, ಮಾಸ್ಕ್ ಎರಡರ ವೇಟ್ ಕೂಡಿ, ಎರಡರಲ್ಲೂ 1 ಇರೋ ಜಾಗಗಳ ಎರಡರಷ್ಟನ್ನ ಕಳೀರಿ: 4 ಕೂಡಿಸು 4, ಕಳೆ 2. ವೇಟ್ ಬರೀ ಬೆಸವೋ ಸಮವೋ ಅಷ್ಟೇ ಸಾಕಿದ್ರೆ ಅದು ಪ್ಯಾರಿಟಿ, ಪ್ರತಿ ಫ್ಲಿಪ್‌ಗೂ ಅದು ಬದಲಾಗುತ್ತೆ.

ಪೈಥಾನ್‌ನಲ್ಲಿ ಚೆಕ್ ಮಾಡೋದಾದ್ರೆ ಹುಷಾರು. 8 ಬಿಟ್ ವೆಕ್ಟರ್‌ನಲ್ಲಿ 5 ಅಂದ್ರೆ 00000101, ಅದರ ವೇಟ್ 2, ಹಾಗಾಗಿ ಕಾಂಪ್ಲಿಮೆಂಟ್‌ದು 6 ಇರ್ಬೇಕು ತಾನೇ? ಆದ್ರೆ ಅಲ್ಲಿ ಇಂಟಿಜರ್‌ಗೆ ಇಷ್ಟೇ ಉದ್ದ ಅಂತ ಇಲ್ಲ, 5ಕ್ಕೆ ನಾಟ್ ಹಾಕಿದ್ರೆ ಮೈನಸ್ 6 ಬರುತ್ತೆ, ಬಿಟ್ ಕೌಂಟ್ ಮೈನಸ್ ಬಿಟ್ಟು 6ರ ಬಿಟ್ ಎಣಿಸಿ 2 ಅನ್ನುತ್ತೆ. ನಾಟ್ ಬದಲು 255 (ಎಂಟೂ ಬಿಟ್ 1) ಜೊತೆ ಎಕ್ಸಾರ್ ಮಾಡಿ, 250 ಬರುತ್ತೆ, ಅದರ ವೇಟ್ 6.