ಉಜ್ಜುಗೊರಡಿನ ಮೇಲೊಂದು ಹೆಸರು: ಓದುಗರ ಪ್ರಶ್ನೆಗಳಿಗೆ ಉತ್ತರ

ವಿಕ್ಟೋರಿಯಾ ರಾಣಿಯ ಆಳ್ವಿಕೆಯ (1837–1901) ಕಾಲದಲ್ಲಿ ಕೈಕಸುಬಿನಿಂದ ಬದುಕಿದ ಇಂಗ್ಲಿಷರ ಬಗ್ಗೆ ಈ ಸಲ ನಾಲ್ಕು ಪ್ರಶ್ನೆಗಳು ಬಂದಿವೆ. ಮೊದಲನೆಯದಕ್ಕೆ ದೀರ್ಘವಾಗಿ ಉತ್ತರಿಸಿದ್ದೇನೆ. ಉಳಿದ ಮೂರಕ್ಕೆ ಬೇಕಾದ ಸಾಮಗ್ರಿಯೂ ಬಹುಮಟ್ಟಿಗೆ ಅದರಲ್ಲೇ ಇದೆ.

ಪ್ರಶ್ನೆ: ನಮ್ಮ ಮುತ್ತಜ್ಜ ಕೋಲಾರದ ಚಿನ್ನದ ಗಣಿಯಲ್ಲಿ ಬಡಗಿಯಾಗಿದ್ದರು. ಅಲ್ಲಿದ್ದ ಇಂಗ್ಲಿಷ್ ಬಡಗಿಯೊಬ್ಬ ಕೊಟ್ಟದ್ದೆಂದು ಹೇಳುವ ಮರದ ಉಜ್ಜುಗೊರಡೊಂದು ನಮ್ಮ ಮನೆಯಲ್ಲಿದೆ. ಪ್ರತಿವರ್ಷ ಆಯುಧಪೂಜೆಯ ದಿನ ಅದಕ್ಕೂ ಅರಿಶಿನ ಕುಂಕುಮ ಇಡುತ್ತೇವೆ. ಅದರ ಮುಂದಿನ ತುದಿಯಲ್ಲಿ ಎರಡು ಹೆಸರುಗಳನ್ನು ಒತ್ತಲಾಗಿದೆ. ಆ ಬಡಗಿ ಯಾರು, ಎಲ್ಲಿಂದ ಬಂದವನು ಎಂದು ತಿಳಿಯಬಹುದೆ? ಚಿತ್ರಗಳನ್ನು ಲಗತ್ತಿಸಿದ್ದೇನೆ.
— ಓದುಗರೊಬ್ಬರು, ಬಂಗಾರಪೇಟೆ

ಉತ್ತರ: ತಿಳಿಯುವ ಸಾಧ್ಯತೆ ಇದೆ; ಆದರೆ ಮೊದಲ ಹೆಜ್ಜೆಯಲ್ಲೇ ಎಡವುವ ಸಾಧ್ಯತೆಯೂ ಇದೆ. ನಿಮ್ಮ ಚಿತ್ರದಲ್ಲಿ ಕಾಣುವ ಎರಡು ಹೆಸರುಗಳಲ್ಲಿ ಒಂದಕ್ಕೆ ಗರಗಸದ ಹಲ್ಲಿನಂಥ ಅಂಚಿದ್ದು, ಅದರ ಕೆಳಗೆ ಒಂದು ನಗರದ ಹೆಸರೂ ಇದೆ. ಅದು ಉಜ್ಜುಗೊರಡನ್ನು ತಯಾರಿಸಿ ಮಾರಿದವರ ಮುದ್ರೆ. ಅಂಚಿಲ್ಲದೆ, ಊರಿಲ್ಲದೆ, ಸ್ವಲ್ಪ ಓರೆಯಾಗಿ ಮೂರು ಕಡೆ ಬಿದ್ದಿರುವ ಇನ್ನೊಂದು ಹೆಸರು ಮಾಲೀಕನದು. ನೀವು ಪತ್ರದಲ್ಲಿ ಮೊದಲನೆಯದನ್ನೇ ಬಡಗಿಯ ಹೆಸರೆಂದು ಹಿಡಿದಿದ್ದೀರಿ. ಆ ಹೆಸರಿನ ಬೆನ್ನು ಹತ್ತಿದರೆ ಕೋಲಾರದ ಮಣ್ಣನ್ನು ಒಮ್ಮೆಯೂ ತುಳಿಯದ ಒಬ್ಬ ವ್ಯಾಪಾರಿಯ ವಂಶವೃಕ್ಷ ನಿಮ್ಮ ಕೈಗೆ ಬಂದೀತು. ಕುಂಕುಮದ ಕೆಳಗೆ ಮೂರನೆಯ ಮುದ್ರೆಯೊಂದು ಅಡಗಿರುವಂತೆ ತೋರುತ್ತದೆ. ದಯವಿಟ್ಟು ಉಪ್ಪುಕಾಗದದಿಂದ ಉಜ್ಜಬೇಡಿ. ಮೃದುವಾದ ಬ್ರಷ್ಷಿನಿಂದ ಪುಡಿಯನ್ನಷ್ಟೇ ಸರಿಸಿ, ಕತ್ತಲೆ ಕೋಣೆಯಲ್ಲಿ ಟಾರ್ಚಿನ ಬೆಳಕನ್ನು ಪಕ್ಕದಿಂದ ಬೀಳಿಸಿ ಚಿತ್ರ ತೆಗೆಯಿರಿ. ಸವೆದ ಅಕ್ಷರಗಳು ನೆರಳಿನಲ್ಲಿ ಎದ್ದು ಕಾಣುತ್ತವೆ.

ಒಂದೇ ಉಪಕರಣದ ಮೇಲೆ ಎರಡು ಮೂರು ಮಾಲೀಕರ ಹೆಸರಿರುವುದು ಸಾಮಾನ್ಯ. ಆ ಕಾಲದ ಇಂಗ್ಲಿಷ್ ಬಡಗಿ ಕೂಲಿಗೆ ದುಡಿಯುವವನಾದರೂ ಉಪಕರಣಗಳು ಅವನ ಸ್ವಂತದವೇ ಆಗಿರುತ್ತಿದ್ದವು. ಅವು ಕಳುವಾದರೆ ಕೆಲಸವೇ ಹೋಯಿತು. ಆದ್ದರಿಂದಲೇ ಹೆಸರಿನ ಮುದ್ರೆ. 1674ರಿಂದ 1913ರವರೆಗಿನ ಲಂಡನ್ನಿನ ಓಲ್ಡ್ ಬೇಲಿ ನ್ಯಾಯಾಲಯದ ವಿಚಾರಣಾ ವರದಿಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಕಟಕಟೆಯ ಮುಂದೆ ನಿಂತು ತನ್ನ ಗರಗಸವನ್ನೋ ಉಜ್ಜುಗೊರಡನ್ನೋ ಅದರ ಮೇಲಿನ ಹೆಸರಿನಿಂದ ಗುರುತಿಸುವ ಬಡಗಿಗಳು ಅಲ್ಲಿ ಮತ್ತೆ ಮತ್ತೆ ಎದುರಾಗುತ್ತಾರೆ. ಬಡಗಿಯೊಬ್ಬ ತೀರಿಕೊಂಡಾಗ ಅಥವಾ ಕೈ ಬರಿದಾದಾಗ ಅವನ ಉಪಕರಣಗಳ ಪೆಟ್ಟಿಗೆ ಮತ್ತೊಬ್ಬನಿಗೆ ಮಾರಾಟವಾಗುತ್ತಿತ್ತು, ಹೊಸಬ ಹಳೆಯ ಹೆಸರಿನ ಪಕ್ಕದಲ್ಲಿ ತನ್ನದನ್ನು ಒತ್ತುತ್ತಿದ್ದ. ಹೀಗಾಗಿ ನಿಮ್ಮ ಉಜ್ಜುಗೊರಡಿನ ಮೇಲಿರುವ ಹೆಸರಿನವನೇ ನಿಮ್ಮ ಮುತ್ತಜ್ಜನಿಗೆ ಅದನ್ನು ಕೊಟ್ಟವನೆಂಬುದು ಸದ್ಯಕ್ಕೆ ಒಂದು ಊಹೆ ಮಾತ್ರ. ಊಹೆಯನ್ನು ಊಹೆಯೆಂದೇ ಬರೆದಿಟ್ಟುಕೊಂಡು ಮುಂದೆ ಹೋಗಬೇಕು.

ಇನ್ನು ಹುಡುಕಾಟವನ್ನು ಇಂಗ್ಲೆಂಡಿನಿಂದಲ್ಲ, ಕೋಲಾರದಿಂದ ಆರಂಭಿಸಿ. ತಿಳಿದದ್ದರಿಂದ ತಿಳಿಯದ್ದರ ಕಡೆಗೆ, ಈಚಿನದರಿಂದ ಹಿಂದಕ್ಕೆ ಎಂಬುದು ಈ ಕೆಲಸದ ಮೊದಲ ನಿಯಮ. 1880ರಿಂದ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕೋಲಾರದ ಗಣಿಗಳ ಆಡಳಿತಕ್ಕೆ ಬಂದ ಮೇಲೆ, ಇಂಗ್ಲೆಂಡಿನ ನೈಋತ್ಯ ತುದಿಯ ಕಾರ್ನ್‌ವಾಲ್ ಕೌಂಟಿಯಿಂದ ಗಣಿ ಕೆಲಸ ಬಲ್ಲವರು ಬರತೊಡಗಿದರು. 1866ರ ಸುಮಾರಿಗೆ ತಾಮ್ರದ ಬೆಲೆ ಕುಸಿದು, ಮುಂದೆ ತವರದ ಗಣಿಗಳೂ ಸೊರಗಿದ್ದರಿಂದ ಕಾರ್ನ್‌ವಾಲಿನ ಗಣಿಗಾರರು ಆಸ್ಟ್ರೇಲಿಯ, ಅಮೆರಿಕ, ದಕ್ಷಿಣ ಆಫ್ರಿಕಗಳಿಗೆ ಹೋದಂತೆ ಇಲ್ಲಿಗೂ ಬಂದರು. ಗಣಿಯೆಂದರೆ ಬರೀ ಅಗೆಯುವುದಲ್ಲ. ಸುರಂಗಕ್ಕೆ ಮರದ ಊರೆ ಕೊಡಲು, ಬಾವಿಯ ಮೇಲಿನ ಚೌಕಟ್ಟು ನಿಲ್ಲಿಸಲು ಬಡಗಿಗಳು ಬೇಕು. ನೀವು ಮಾಲೀಕನ ಮುದ್ರೆಯಲ್ಲಿ ಓದಿದ ಕುಲನಾಮ ‘ಟ್ರೆ’ ಎಂದು ಆರಂಭವಾಗುತ್ತದೆ. ಟ್ರೆ, ಪೋಲ್, ಪೆನ್ ಎಂದು ಆರಂಭವಾಗುವ ಹೆಸರು ಕೇಳಿದರೆ ಆತ ಕಾರ್ನ್‌ವಾಲಿನವನೆಂದು ಹೇಳುವ ರೂಢಿಮಾತು ಅಲ್ಲಿದೆ. ಇದು ಸುಳುಹು, ಪುರಾವೆಯಲ್ಲ.

ಮೈಸೂರು ಸೀಮೆಯಲ್ಲಿದ್ದ ಬ್ರಿಟಿಷರ ದೀಕ್ಷಾಸ್ನಾನ, ಮದುವೆ ಮತ್ತು ಶವಸಂಸ್ಕಾರಗಳ ಪ್ರತಿಗಳು ಮದರಾಸಿನ ಮೂಲಕ ಲಂಡನ್ನಿಗೆ ಹೋಗುತ್ತಿದ್ದವು. ಅವು ಈಗ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ಎನ್/2 ಎಂಬ ಸಂಖ್ಯೆಯ ಸರಣಿಯಲ್ಲಿವೆ. ಫೈಂಡ್‌ಮೈಪಾಸ್ಟ್ ಎಂಬ ಶುಲ್ಕದ ಜಾಲತಾಣದಲ್ಲೂ ನೋಡಬಹುದು. ಬ್ರಿಟಿಷ್ ಇಂಡಿಯಾದ ಕುಟುಂಬಗಳ ಸಂಘವಾದ ಫಿಬಿಸ್ ನಡೆಸುವ ಉಚಿತ ದತ್ತಸಂಚಯವನ್ನು ಅದಕ್ಕೂ ಮೊದಲು ತಡಕುವುದು ಒಳ್ಳೆಯದು. ಆ ಬಡಗಿ ಇಲ್ಲಿ ಮದುವೆಯಾಗಿದ್ದರೆ ಅವನ ತಂದೆಯ ಹೆಸರು, ಮಗುವಿಗೆ ದೀಕ್ಷಾಸ್ನಾನ ಮಾಡಿಸಿದ್ದರೆ ಅವನ ಉದ್ಯೋಗ, ಇಲ್ಲೇ ಸತ್ತಿದ್ದರೆ ವಯಸ್ಸು ಮತ್ತು ಸಾವಿನ ಕಾರಣ ಸಿಗುತ್ತವೆ. ಒಂದು ಎಚ್ಚರಿಕೆ: ಕಾರ್ನ್‌ವಾಲಿನ ಗಣಿಗಾರರಲ್ಲಿ ಬಹಳ ಮಂದಿ ಮೆಥಡಿಸ್ಟರು, ಅಂದರೆ ಇಂಗ್ಲೆಂಡಿನ ಅಧಿಕೃತ ಆಂಗ್ಲಿಕನ್ ಚರ್ಚಿನಿಂದ ಬೇರೆಯಾದ ಪಂಥದವರು. ಆಂಗ್ಲಿಕನ್ ಚರ್ಚಿನ ಪುಸ್ತಕದಲ್ಲಿ ಹೆಸರಿಲ್ಲವೆಂದ ಮಾತ್ರಕ್ಕೆ ಮನುಷ್ಯ ಇರಲಿಲ್ಲವೆಂದಲ್ಲ. 1890ರಿಂದ ಬ್ರಿಟನ್ನಿನ ಬಂದರುಗಳನ್ನು ಬಿಟ್ಟು ದೂರದೇಶಗಳಿಗೆ ಹೊರಟ ಹಡಗುಗಳ ಪ್ರಯಾಣಿಕರ ಪಟ್ಟಿಗಳೂ ಉಳಿದಿವೆ, ಅವುಗಳಲ್ಲಿ ವಯಸ್ಸು ಮತ್ತು ಕಸುಬನ್ನು ಬರೆಯುವ ಕಲಮುಗಳಿದ್ದವು.

ಇಷ್ಟಾದ ಮೇಲೆ ಇಂಗ್ಲೆಂಡಿಗೆ ಹೋಗೋಣ. ಅಲ್ಲಿ ಪ್ರತಿ ಹತ್ತು ವರ್ಷಕ್ಕೊಮ್ಮೆ ಜನಗಣತಿ ನಡೆಯುತ್ತಿತ್ತು. ದೇಶದಾದ್ಯಂತ ಎಲ್ಲರ ಹೆಸರುಗಳೂ ಉಳಿದುಬಂದಿರುವ ಮೊದಲ ಗಣತಿ 1841ರದು. 1851ರಿಂದ ಮನೆಯ ಯಜಮಾನನೊಂದಿಗಿನ ಸಂಬಂಧ, ವಯಸ್ಸು, ಕಸುಬು ಮತ್ತು ಹುಟ್ಟಿದ ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಊರು) ದಾಖಲಾಗಿವೆ. ನಿಮ್ಮ ಬಡಗಿ ಗಣತಿ ನಡೆದ 1891ರ ಏಪ್ರಿಲ್ 5ರ ರಾತ್ರಿ ಕೋಲಾರದಲ್ಲಿದ್ದರೆ ಆ ಗಣತಿಯಲ್ಲಿ ಅವನಿರುವುದಿಲ್ಲ. ಆಗ ಅವನ ಹೆಂಡತಿಯನ್ನು ಹುಡುಕಬೇಕು. ಗಂಡ ಮನೆಯಲ್ಲಿಲ್ಲದೆ, ವಿಧವೆಯೂ ಅಲ್ಲದೆ, ‘ವಿವಾಹಿತೆ’ ಎಂದು ಬರೆಸಿಕೊಂಡು ಮಕ್ಕಳೊಡನೆ ತಾನೇ ಯಜಮಾನಿಯಾಗಿರುವ ಹೆಂಗಸರು ಆ ವರ್ಷಗಳ ಕಾರ್ನ್‌ವಾಲಿನಲ್ಲಿ ಬೀದಿಬೀದಿಗೂ ಸಿಗುತ್ತಾರೆ. ಈ ಗಣತಿಯ ಪುಟಗಳಲ್ಲಿ ನನ್ನನ್ನು ಹೆಚ್ಚು ಹೊತ್ತು ನಿಲ್ಲಿಸುವುದು ಅವರೇ.

ಒಂದೇ ಹೆಸರಿನ ಮೂವರು ಸಿಕ್ಕರೆ, ಸಿಗುವುದೂ ಖಂಡಿತ, ಅವರನ್ನು ಬೇರ್ಪಡಿಸುವ ದಾರ ಕಸುಬೇ. 1837ರ ಜುಲೈ 1ರಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಜನನ, ಮರಣ, ವಿವಾಹಗಳ ಸರ್ಕಾರಿ ನೋಂದಣಿ ಆರಂಭವಾಯಿತು. ಅದರ ವಿವಾಹ ಪ್ರಮಾಣಪತ್ರದಲ್ಲಿ ವಧೂವರರಿಬ್ಬರ ತಂದೆಯರ ಹೆಸರೂ ಕಸುಬೂ ಇರುತ್ತವೆ. ನನ್ನ ಮಟ್ಟಿಗೆ ಹಣ ಕೊಟ್ಟು ತರಿಸಬೇಕಾದ ಮೊದಲ ಕಾಗದ ಇದೇ. ಜನನ ಪ್ರಮಾಣಪತ್ರವನ್ನು ಆಮೇಲೆ ತರಿಸಬಹುದು. ಮಗ ಬಡಗಿ, ತಂದೆಯೂ ಬಡಗಿ, ಹತ್ತು ವರ್ಷ ಹಿಂದಿನ ಗಣತಿಯಲ್ಲಿ ಅದೇ ಹೆಸರಿನ ತಂದೆಯ ಮನೆಯಲ್ಲಿ ಅದೇ ಹೆಸರಿನ ಹುಡುಗ ಇದ್ದಾನೆಂದರೆ ಮಾತ್ರ ಒಂದು ಕೊಂಡಿ ಕೂಡಿತು ಎನ್ನಬಹುದು. ನೋಂದಣಿಯ ಸೂಚಿಗಳನ್ನು ಸ್ವಯಂಸೇವಕರು ನಡೆಸುವ ಫ್ರೀಬಿಎಂಡಿ ತಾಣದಲ್ಲೂ, ಪ್ಯಾರಿಷ್ ಪುಸ್ತಕಗಳನ್ನು ಕಾರ್ನ್‌ವಾಲಿನ ಆನ್‌ಲೈನ್ ಪ್ಯಾರಿಷ್ ಕ್ಲರ್ಕ್‌ಗಳ ತಾಣದಲ್ಲೂ ಉಚಿತವಾಗಿ ನೋಡಬಹುದು. ಆ ಪ್ಯಾರಿಷ್ ಪುಸ್ತಕಗಳ ಮೂಲಪ್ರತಿಗಳು ರೆಡ್ರೂತ್ ಪಟ್ಟಣದ ಕ್ರೆಸೆನ್ ಕೆರ್ನೋ ಎಂಬ ದಾಖಲಾಲಯದಲ್ಲಿವೆ.

ಇಷ್ಟರಲ್ಲೂ ಸಿಗದ ವಿವರ ಕಾರ್ಮಿಕ ಸಂಘದ ಪುಸ್ತಕದಲ್ಲಿ ಸಿಕ್ಕೀತು. 1860ರಲ್ಲಿ ಹುಟ್ಟಿದ ಬಡಗಿಗಳ ಸಂಯುಕ್ತ ಸಂಘ, ವಾರಕ್ಕೊಂದು ಷಿಲ್ಲಿಂಗ್ ಚಂದಾ ಪಡೆದು, ಕೆಲಸವಿಲ್ಲದಾಗ, ಕಾಯಿಲೆ ಬಿದ್ದಾಗ, ಸತ್ತಾಗ, ಅಷ್ಟೇ ಅಲ್ಲದೆ ಉಪಕರಣಗಳು ಕಳುವಾದಾಗಲೂ ಸದಸ್ಯನಿಗೆ ಹಣ ಕೊಡುತ್ತಿತ್ತು. ಅದರ ಕಾಗದಪತ್ರಗಳು ವಾರ್ವಿಕ್ ವಿಶ್ವವಿದ್ಯಾಲಯದ ಮಾಡರ್ನ್ ರೆಕಾರ್ಡ್ಸ್ ಸೆಂಟರಿನಲ್ಲಿವೆ. ಆತ ಊರಿಗೆ ಮರಳಿ ನಾಲ್ಕು ಕಾಸು ಉಳಿಸಿ ಸತ್ತಿದ್ದರೆ, 1858ರಿಂದ ಪ್ರತಿವರ್ಷ ಅಚ್ಚಾಗುತ್ತಿದ್ದ ಉಯಿಲುಗಳ ರಾಷ್ಟ್ರೀಯ ಪಟ್ಟಿಯಲ್ಲಿ ಮರಣದ ದಿನ, ವಿಳಾಸ ಮತ್ತು ಆಸ್ತಿಯ ಮೌಲ್ಯ ಸಿಗುತ್ತವೆ. ವಿಳಾಸದ ಜೊತೆಗೆ ‘ಕೋಲಾರ’ ಎಂಬ ಮಾತೂ ಅಲ್ಲಿದ್ದರೆ ದಯವಿಟ್ಟು ನನಗೂ ಒಂದು ಪತ್ರ ಬರೆಯಿರಿ.

ಪ್ರಶ್ನೆ: ಲೀಡ್ಸ್‌ನಲ್ಲಿ ನಾವು ಕೊಂಡ ಹಳೆಯ ಸಾಲುಮನೆಯ ಪತ್ರಗಳಲ್ಲಿ ಮೊದಲ ಒಡೆಯ ಒಬ್ಬ ಕಲ್ಲುಕುಟಿಗನೆಂದಿದೆ. ಮನೆ ಕಟ್ಟಿದವನೂ ಅವನೇ ಇರಬಹುದೆ?
— ಓದುಗರೊಬ್ಬರು, ಲೀಡ್ಸ್, ಇಂಗ್ಲೆಂಡ್

ಉತ್ತರ: ಇರಬಹುದು. ಸಣ್ಣ ಮೇಸ್ತ್ರಿಗಳು ಒಂದು ತುಂಡು ಜಾಗ ಹಿಡಿದು, ಸಾಲ ತಂದು, ನಾಲ್ಕಾರು ಮನೆ ಎಬ್ಬಿಸಿ, ಒಂದರಲ್ಲಿ ತಾವಿದ್ದು ಉಳಿದವನ್ನು ಮಾರುವುದೋ ಬಾಡಿಗೆಗೆ ಕೊಡುವುದೋ ಅಲ್ಲಿ ಸಾಮಾನ್ಯವಾಗಿತ್ತು. ನಿಮ್ಮ ಅದೃಷ್ಟಕ್ಕೆ ಲೀಡ್ಸ್ ಇರುವ ಯಾರ್ಕ್‌ಷೈರಿನ ವೆಸ್ಟ್ ರೈಡಿಂಗ್ ಎಂಬ ಭಾಗದಲ್ಲಿ 1704ರಿಂದ 1970ರವರೆಗೆ ಆಸ್ತಿಪತ್ರಗಳನ್ನು ನೋಂದಾಯಿಸುವ ಕಚೇರಿ ವೇಕ್‌ಫೀಲ್ಡ್‌ನಲ್ಲಿತ್ತು, ಇಂಗ್ಲೆಂಡಿನ ಹೆಚ್ಚಿನ ಕೌಂಟಿಗಳಿಗೆ ಈ ಭಾಗ್ಯವಿಲ್ಲ. ಅದರ ಸೂಚಿಯಲ್ಲಿ ಕಲ್ಲುಕುಟಿಗನ ಹೆಸರು ಹಿಡಿದು ಹುಡುಕಿದರೆ, ಆತ ಮಾರಿದ ಬೇರೆ ಜಾಗಗಳೂ ಅಡವಿಟ್ಟ ಮನೆಗಳೂ ತಿಳಿಯುತ್ತವೆ.

ಗಣತಿಯಲ್ಲಿ ಮನೆಯ ಸಂಖ್ಯೆಯನ್ನು ಕಣ್ಣುಮುಚ್ಚಿ ನಂಬಬೇಡಿ. ಬೀದಿ ಬೆಳೆದಂತೆ ಸಂಖ್ಯೆಗಳು ಬದಲಾಗುತ್ತಿದ್ದವು, ಬೀದಿಯ ಹೆಸರೇ ಬದಲಾದದ್ದೂ ಉಂಟು. ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯವು ಇಂಗ್ಲೆಂಡಿನ ಹಳೆಯ ಆರ್ಡ್‌ನನ್ಸ್ ಸರ್ವೆ (ಸರ್ಕಾರಿ ಭೂಮಾಪನ) ನಕ್ಷೆಗಳನ್ನೂ ಉಚಿತವಾಗಿ ತೋರಿಸುತ್ತದೆ. ಮೂಲೆಯ ಚರ್ಚು, ಹೆಂಡದಂಗಡಿಗಳಿಂದ ಎಣಿಸುತ್ತಾ ಬಂದರೆ ನಿಮ್ಮ ಮನೆ ಸಿಗುತ್ತದೆ. 1851ರಿಂದ 1881ರವರೆಗಿನ ಗಣತಿಗಳಲ್ಲಿ ಮೇಸ್ತ್ರಿಗಳು ತಮ್ಮ ಕೈಕೆಳಗಿನ ಆಳುಗಳ ಸಂಖ್ಯೆಯನ್ನೂ ಬರೆಸಬೇಕಿತ್ತು. ಒಂದು ಗಣತಿಯಲ್ಲಿ ಆರು ಆಳುಗಳ ಮೇಸ್ತ್ರಿಯಾಗಿದ್ದವನು ಮುಂದಿನದರಲ್ಲಿ ಬರೀ ಕಲ್ಲುಕುಟಿಗನಾಗಿದ್ದರೆ, ನಡುವಿನ ವರ್ಷಗಳ ಲಂಡನ್ ಗೆಜೆಟ್ ಎಂಬ ಸರ್ಕಾರಿ ಪತ್ರಿಕೆಯಲ್ಲಿ ದಿವಾಳಿಯ ಪ್ರಕಟಣೆಗಳನ್ನು ನೋಡಿ. ಕೆಲ್ಲಿಯಂಥ ವ್ಯಾಪಾರಿ ಡೈರೆಕ್ಟರಿಗಳನ್ನೂ ನೋಡಬಹುದು, ಆದರೆ ಅವುಗಳಲ್ಲಿ ಸಾಮಾನ್ಯವಾಗಿ ಸ್ವಂತ ವ್ಯವಹಾರವಿದ್ದವರ ಹೆಸರುಗಳಷ್ಟೇ ಇರುತ್ತವೆ, ಕೂಲಿಗೆ ದುಡಿದವರದಲ್ಲ.

ಪ್ರಶ್ನೆ: 1861ರ ಗಣತಿಯಲ್ಲಿ ಒಬ್ಬ ‘ಜರ್ನಿಮನ್ ಕಾರ್ಪೆಂಟರ್’ ಎಂದಿದೆ. ಊರೂರು ಸುತ್ತುತ್ತಿದ್ದ ಬಡಗಿಯೆಂದು ಅರ್ಥವೆ? ಅವನ ವಯಸ್ಸೂ ಒಂದೊಂದು ಗಣತಿಯಲ್ಲಿ ಒಂದೊಂದು ರೀತಿ ಇದೆ.
— ಓದುಗರೊಬ್ಬರು, ಧಾರವಾಡ

ಉತ್ತರ: ಸುತ್ತಾಟಕ್ಕೂ ಆ ಪದಕ್ಕೂ ಸಂಬಂಧವಿಲ್ಲ. ಅದು ದಿನ ಎಂಬ ಅರ್ಥದ ಫ್ರೆಂಚ್ ಪದದಿಂದ ಬಂದದ್ದು. ಅಪ್ರೆಂಟಿಸ್ ಆಗಿ ಕಸುಬು ಕಲಿತು ಮುಗಿಸಿದ, ಆದರೆ ಸ್ವಂತ ಅಂಗಡಿಯಿಲ್ಲದೆ ಮೇಸ್ತ್ರಿಯ ಬಳಿ ಕೂಲಿಗೆ ದುಡಿಯುವವನು ಜರ್ನಿಮನ್. ಅನೇಕರು ಸಾಯುವವರೆಗೂ ಜರ್ನಿಮನ್ನರಾಗಿಯೇ ಉಳಿದರು. ಅದು ಏಣಿಯ ಮೆಟ್ಟಿಲೆಂದು ಭಾವಿಸಬೇಕಾಗಿಲ್ಲ. ಅವನ ಅಪ್ರೆಂಟಿಸ್ ಕರಾರುಪತ್ರವನ್ನು ಸರ್ಕಾರದ ಪುಸ್ತಕಗಳಲ್ಲಿ ಹುಡುಕಬೇಡಿ. ಆ ಕರಾರುಗಳ ಮೇಲಿನ ಸ್ಟಾಂಪ್ ತೆರಿಗೆಯ ಪುಸ್ತಕಗಳು 1710ರಿಂದ 1811ರವರೆಗಿನವು ಮಾತ್ರ. ವಿಕ್ಟೋರಿಯಾ ಕಾಲದ್ದು ಕೌಂಟಿ ದಾಖಲಾಲಯದಲ್ಲೋ ಮನೆಯವರ ಪೆಟ್ಟಿಗೆಯಲ್ಲೋ ಉಳಿದಿದ್ದರೆ ಉಂಟು.

ವಯಸ್ಸಿನ ವಿಷಯ. 1841ರ ಗಣತಿಯಲ್ಲಿ 15 ವರ್ಷ ಮೀರಿದವರ ವಯಸ್ಸನ್ನು ಐದರ ಗುಣಕಕ್ಕೆ ಇಳಿಸಿ ಬರೆಯಬೇಕೆಂಬ ಸೂಚನೆಯಿತ್ತು. 39 ವರ್ಷದವನು 35 ಆಗುತ್ತಾನೆ. ಮುಂದಿನವುಗಳಲ್ಲಿ ಎರಡು ಮೂರು ವರ್ಷಗಳ ಏರುಪೇರು ಲೆಕ್ಕಕ್ಕಿಲ್ಲ. ಹುಟ್ಟಿದ ದಿನ ಕೇಳಿದರೆ ‘ದೊಡ್ಡ ಮಳೆ ಬಂದ ವರ್ಷ’ ಎನ್ನುತ್ತಿದ್ದ ನಮ್ಮ ಅಜ್ಜಿಯರನ್ನು ನೆನೆದರೆ ಇದು ವಿಚಿತ್ರವೆನಿಸದು. ಮದುವೆಯ ಕಾಗದದಲ್ಲಿ ‘ಪೂರ್ಣ ವಯಸ್ಕ’ ಎಂದಷ್ಟೇ ಇದ್ದರೆ ತನಗೆ 21 ತುಂಬಿದೆಯೆಂದು ಆತ ಹೇಳಿಕೊಂಡನೆಂದಷ್ಟೇ ತಿಳಿಯಿರಿ. ಅದಕ್ಕಿಂತ ಚಿಕ್ಕವರಿಗೆ ಹೆತ್ತವರ ಒಪ್ಪಿಗೆ ಬೇಕಿತ್ತಾದ್ದರಿಂದ ವಯಸ್ಸು ಏರಿಸಿ ಹೇಳಿದವರಿದ್ದಾರೆ.

ಪ್ರಶ್ನೆ: ಮದುವೆಯ ದಾಖಲೆಯಲ್ಲಿ ಬಡಗಿ ಸಹಿಯ ಬದಲು ಅಡ್ಡಗೆರೆಗಳ ಗುರುತು ಹಾಕಿದ್ದಾನೆ. ಅವನು ಅನಕ್ಷರಸ್ಥನೆಂದು ಬರೆಯಬಹುದೆ?
— ಓದುಗರೊಬ್ಬರು, ಮೈಸೂರು

ಉತ್ತರ: ಬರೆಯಬೇಡಿ. ‘ಸಹಿ ಹಾಕಲಿಲ್ಲ’ ಎಂದು ಬರೆಯಿರಿ. ಆ ಕಾಲದಲ್ಲಿ ಓದಲು ಬಂದು ಬರೆಯಲು ಬಾರದವರು ಅನೇಕರಿದ್ದರು, ಶಾಲೆಯಲ್ಲಿ ಓದನ್ನು ಮೊದಲು ಕಲಿಸಿ ಬರವಣಿಗೆಯನ್ನು ಆಮೇಲೆ ಹೇಳಿಕೊಡುತ್ತಿದ್ದರು. ವಧುವಿಗೆ ಸಹಿ ಬಾರದಿದ್ದಾಗ, ಅವಳಿಗೆ ಮುಜುಗರವಾಗಬಾರದೆಂದು ತಾನೂ ಗುರುತನ್ನೇ ಹಾಕಿದ ವರನೂ ಇದ್ದಿರಬಹುದು. ಅದೇ ಪುಟದಲ್ಲಿ ವಧುವಿನ ಹೆಸರಿನ ಮುಂದೆ ಏನಿದೆಯೆಂದು ನೀವು ಬರೆದಿಲ್ಲ. ಒಮ್ಮೆ ನೋಡಿ, ಜೊತೆಗೆ ಆತ ಬೇರೆಯವರ ಮದುವೆಗೆ ಸಾಕ್ಷಿಯಾಗಿ ನಿಂತಿದ್ದಾನೆಯೇ ಎಂದು ಅದೇ ಚರ್ಚಿನ ಪುಸ್ತಕದ ಮುಂದಿನ ಪುಟಗಳನ್ನು ತಿರುವಿ. ಅಲ್ಲಿ ಅವನ ಕೈಬರಹದ ಸಹಿ ಸಿಕ್ಕರೂ ಸಿಗಬಹುದು.