1ಯು ಪ್ಯಾನೆಲ್‌ನಲ್ಲಿ 144 ಕೋರ್ ಕೂರಿಸಿದ್ದೀರಿ, ಬೆರಳು ಎಲ್ಲಿ ಹಾಕೋದು?

1ಯು ಪ್ಯಾಚ್ ಪ್ಯಾನೆಲ್‌ಗೆ (ಫೈಬರ್ ಕೇಬಲ್‌ಗಳನ್ನು ಚುಚ್ಚುವ ರ‍್ಯಾಕ್ ಪೆಟ್ಟಿಗೆ) 144 ಕೋರ್, ಅಂದ್ರೆ 144 ಫೈಬರ್ ಎಳೆ, ಡಿಸೈನ್ ಮಾಡಿದ್ದೀರಿ, ಫೀಲ್ಡ್ ಹುಡುಗರು "ಕೈಯೇ ಹೋಗಲ್ಲ ಸಾರ್" ಅಂತಿದ್ದಾರೆ, ಏನು ಬದಲಿಸಬೇಕು ಅಂತ ಕೇಳಿದ್ದೀರಿ. ಹುಡುಗರ ಮಾತು ನಿಜ. ನಾನು ಒಂಬತ್ತು ವರ್ಷ ಸ್ಪ್ಲೈಸಿಂಗ್ (ಫೈಬರ್ ಬೆಸೆಯುವ ಕೆಲಸ) ಮಾಡಿ ಆಮೇಲೆ ಡಿಸೈನ್ ಕೆಲಸಕ್ಕೆ ಬಂದವನು. ಹಾಗಾಗಿ ನಾನು ಅವರ ಪಕ್ಷ ಅಂದುಕೊಂಡೇ ಓದಿ.

1ಯು ಅಂದ್ರೆ 44.45 ಮಿ.ಮೀ. ಎತ್ತರ. 144 ಕೋರ್‌ಗೆ 72 ಡ್ಯೂಪ್ಲೆಕ್ಸ್ ಎಲ್‌ಸಿ (ಎರಡು ಫೈಬರಿನ ಸಣ್ಣ ಕನೆಕ್ಟರ್) ಬೇಕು, ಅಂದ್ರೆ ಮೂರು ಸಾಲು, ಸಾಲಿಗೆ 24. ತಗಡಿನ ದಪ್ಪ ಕಳೆಯುವ ಮೊದಲೇ ಸಾಲಿಗೆ 15 ಮಿ.ಮೀ. ಸಿಗುವುದಿಲ್ಲ. ನನ್ನ ಹೆಬ್ಬೆರಳೇ ಅದಕ್ಕಿಂತ ದಪ್ಪ. ಎಲ್‌ಸಿ ಬಿಚ್ಚಬೇಕಾದರೆ ಲ್ಯಾಚ್ (ಹಿಡಿದಿಡುವ ಕೊಂಡಿ) ಒತ್ತಲೇಬೇಕಲ್ವಾ?

ಒಮ್ಮೆ ರಾತ್ರಿ ಎರಡು ಗಂಟೆಗೆ ಇಂಥದ್ದೇ ಪ್ಯಾನೆಲ್‌ನಲ್ಲಿ ನಡುಸಾಲಿನ ಒಂದು ಕಾರ್ಡ್ (ತುದಿಗೆ ಕನೆಕ್ಟರ್ ಇರುವ ಸಣ್ಣ ಕೇಬಲ್) ಎಳೆದೆ. ಅದರ ಬಾಲ ಪಕ್ಕದ್ದರ ಲ್ಯಾಚ್‌ಗೆ ಸಿಕ್ಕಿಕೊಂಡು ಅದೂ ಅರ್ಧ ಹೊರಗೆ ಬಂತು. ಅರ್ಧ ಬಂದ ಕನೆಕ್ಟರ್ ನೋಡಲು ಸರಿಯಾಗಿ ಕೂತಂತೆಯೇ ಇರುತ್ತದೆ. ಇನ್ಯಾರದೋ ಲಿಂಕ್ ಬಿದ್ದಿತ್ತು. ಹುಡುಕಲು ಮುಕ್ಕಾಲು ಗಂಟೆ ಹಿಡಿಯಿತು. ಅವತ್ತಿಂದ ಡ್ರಾಯಿಂಗ್ ನೋಡಿದರೆ ಮೊದಲು ಕೇಳುವುದು ಇಷ್ಟೇ: ಒಂದು ಕಾರ್ಡ್ ತೆಗೆಯುವಾಗ ಪಕ್ಕದ್ದು ಅಲುಗುತ್ತದಾ?

ಅಲುಗಬಾರದು ಅಂದ್ರೆ ಮೂರೂ ಸಾಲನ್ನು ಒಂದೇ ಮುಖಕ್ಕೆ ಬಿಗಿಯಬೇಡಿ. ಸಾಲಿಗೊಂದು ತೆಳ್ಳನೆ ಟ್ರೇ ಮಾಡಿ, ಬೇಕಾದ್ದನ್ನು ಮಾತ್ರ ಮುಂದಕ್ಕೆ ಎಳೆಯುವಂತಿರಲಿ. ಆಗ ಮೇಲಿಂದ ಬೆರಳು ಹಾಕಬಹುದು. ಜೊತೆಗೆ ಎಳೆದರೆ ಬಿಚ್ಚಿಕೊಳ್ಳುವ ಪಟ್ಟಿ ಇರುವ ಕನೆಕ್ಟರ್ ಹಾಕಿದರೆ ಇನ್ನೂ ಆರಾಮ.

ಆದರೆ ಟ್ರೇ ಎಳೆದಾಗ ಕೇಬಲ್ ಏನಾಗುತ್ತದೆ? ಹೆಚ್ಚಿನವರು ಎಡವುವುದು ಇಲ್ಲೇ. ಹಿಂದೆ ಸುಮ್ನೆ ಉದ್ದ ಬಿಟ್ಟುಬಿಡುತ್ತಾರೆ. ಟ್ರೇ ಒಳಗೆ ತಳ್ಳಿದಾಗ ಆ ಉದ್ದ ಎಲ್ಲೋ ಮಡಚಿ ಸಿಕ್ಕಿಕೊಳ್ಳುತ್ತದೆ. ಬದಲಿಗೆ ಟ್ರೇಯ ಬದಿಯಲ್ಲಿ ಕೇಬಲ್ ಯು ಆಕಾರದಲ್ಲಿ ತಿರುಗಲಿ, ತಿರುವಿನ ಗೈಡ್ ಟ್ರೇಯ ಅರ್ಧ ದೂರ ಮಾತ್ರ ಸರಿಯಲಿ. ಟ್ರೇ 10 ಸೆಂ.ಮೀ. ಬಂದರೆ ಗೈಡ್ 5 ಸೆಂ.ಮೀ. ಯು-ವಿನ ಒಂದು ಕಾಲು ಎಷ್ಟು ಉದ್ದವಾಗುತ್ತದೋ ಇನ್ನೊಂದು ಅಷ್ಟೇ ಗಿಡ್ಡವಾಗುತ್ತದೆ. ಒಟ್ಟು ಉದ್ದ ಅಷ್ಟೇ. ಒಂದು ಸಣ್ಣ ಹಲ್ಲಿನ ಚಕ್ರ, ಹಲ್ಲಿರುವ ಎರಡು ಪಟ್ಟಿ ಇದ್ದರೆ ಆಯಿತು.

ತಿರುವಿನ ಅಳತೆಯಲ್ಲಿ ಜಿಪುಣತನ ಬೇಡ. ಮಾಮೂಲಿ ಜಿ.652.ಡಿ ಫೈಬರಿಗೆ 30 ಮಿ.ಮೀ. ರೇಡಿಯಸ್ ಬೇಕು. ಸುತ್ತು ಹಾಕಿದರೆ 60 ಮಿ.ಮೀ. ಅಗಲ, 1ಯು ಒಳಗೆ ನಿಲ್ಲಿಸಲು ಆಗದು, ಮಲಗಿಸಿಯೇ ಹಾಕಬೇಕು. ಹೆಚ್ಚು ಬಾಗಲೆಂದೇ ಮಾಡಿದ ಜಿ.657.ಎ2 ಫೈಬರ್ 7.5 ಮಿ.ಮೀ. ತನಕ ತಡೆಯುತ್ತದೆ. ಆದರೆ ನಾಳೆ ನಿಮ್ಮ ಪ್ಯಾನೆಲ್‌ಗೆ ಯಾರು ಯಾವ ಕಾರ್ಡ್ ಚುಚ್ಚುತ್ತಾರೋ ಯಾರಿಗೆ ಗೊತ್ತು? ಗೈಡ್‌ಗಳನ್ನು 30ಕ್ಕೇ ಮಾಡಿ. ಇನ್ನೊಂದು ವಿಷಯ: 1310 ನ್ಯಾನೋಮೀಟರ್ ತರಂಗಾಂತರದ ಬೆಳಕಿನಲ್ಲಿ ಮಾತ್ರ ಟೆಸ್ಟ್ ಮಾಡಿ ಪಾಸ್ ಅನ್ನಬೇಡಿ. ಬಾಗಿದ ಕಡೆಯ ಲಾಸ್ (ಬೆಳಕಿನ ಸೋರಿಕೆ) 1550ರಲ್ಲಿ ಜಾಸ್ತಿ ಕಾಣುತ್ತದೆ.

ಬದಿಯ ಕೇಬಲ್ ದಾರಿಯನ್ನೂ ಲೆಕ್ಕ ಹಾಕಿ. ಇಂಥ ಹತ್ತು ಪ್ಯಾನೆಲ್ ಇದ್ದರೆ ಒಂದೊಂದು ಬದಿಗೆ 360 ಕಾರ್ಡ್. 2 ಮಿ.ಮೀ. ಜೋಡಿ ಎಳೆಯವಾದರೆ 720 ಎಳೆ. ದಾರಿಯ ಅರ್ಧ ಮಾತ್ರ ತುಂಬಬೇಕು ಅಂದ್ರೆ ಸುಮಾರು 67 ಮಿ.ಮೀ. ಚೌಕದ ಜಾಗ ಬೇಕು. ಎರಡೂ ಫೈಬರ್ ಅಷ್ಟೇ ದಪ್ಪದ ಒಂದೇ ಕವಚದಲ್ಲಿರುವ ಕಾರ್ಡ್ ಹಾಕಿದರೆ ಅದರಲ್ಲಿ ಅರ್ಧ ಸಾಕು. ಕಟ್ಟಲು ವೆಲ್ಕ್ರೋ. ಜಿಪ್ ಟೈ ಕಂಡರೆ ನನಗೆ ಕೋಪ ಬರುತ್ತದೆ.

ಪೋರ್ಟ್ ನಂಬರ್ ಪ್ಯಾನೆಲ್ ಮುಖದಲ್ಲಿ ಬೇಡ, ಕಾರ್ಡ್ ತುಂಬಿದ ಮೇಲೆ ಕಾಣುವುದಿಲ್ಲ. ಮುಂದಿನ ಬಾಗಿಲಿನ ಒಳಗಡೆ ಅಂಟಿಸಿ.

ಕೊನೆಗೆ ಖಾಲಿ ಸ್ಯಾಂಪಲ್ ಹಿಡಿದು ಓಕೆ ಅನ್ನಬೇಡಿ. 72 ಕಾರ್ಡೂ ತುಂಬಿ. 37 ಮತ್ತು 39ನೇ ಪೋರ್ಟ್ ಮೇಲೆ ಬೆಳಕು ಅಳೆಯುವ ಪವರ್ ಮೀಟರ್ ಇಡಿ. ಲೈಟ್ ಆರಿಸಿ, ಬಾಯಲ್ಲಿ ಟಾರ್ಚ್ ಕಚ್ಚಿಕೊಂಡ ಹುಡುಗನಿಗೆ 38 ತೆಗೆದು ಹಾಕಲು ಹೇಳಿ. ನೀವು ಅವನ ಕೈ ನೋಡಬೇಡಿ, ಮೀಟರ್ ನೋಡಿ.